ಊರಿನ ರಸ್ತೆ ಊರಿನವರ ಅಂಗಳ, ಮೆಲ್ಲಗೆ ಹೋಗಿ

ಶನಿವಾರ, ಭಾನುವಾರ ಗೆಳೆಯನ ಜೊತೆ ಬೈಕಿನಲ್ಲಿ ಹಳ್ಳಿಗಾಡು ಸುತ್ತಬೇಕು ಅಂತ ಹೊರಟಿದ್ದೀರಿ. ಖಂಡಿತ ಹೋಗಿ. ಮೈಯಲ್ಲಿ ಕಸುವಿರುವಾಗಲೇ ನಾಲ್ಕು ಊರು ನೋಡಬೇಕು. ಎಲ್ಲಿಗೆ ಹೋಗೋಣ ಅಂತ ನನ್ನನ್ನು ಕೇಳಿದರೆ ನಮ್ಮ ಹೊಸದುರ್ಗದ ಕಡೆಗೇ ಬನ್ನಿ ಎನ್ನುತ್ತೇನೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎಜ್ಡಿ ಬೈಕುಗಳ ಕಾಲದಿಂದ ಈ ರಸ್ತೆಗಳಲ್ಲಿ ಓಡಾಡಿದವನು ನಾನು. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ.

ಬೆಂಗಳೂರಿನಿಂದ ಬರುವವರು ಬೆಳಕು ಹರಿಯುವ ಹೊತ್ತಿಗೆ ಹೊರಟು, ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹಿರಿಯೂರಿಗೆ ಬನ್ನಿ. ಅಲ್ಲಿಂದ ಹೆದ್ದಾರಿ ಬಿಟ್ಟು ವಾಣಿವಿಲಾಸಪುರದ ಕಡೆ ತಿರುಗಿ. ಹೆದ್ದಾರಿಯಲ್ಲಿ ಒಂದು ಎಚ್ಚರ ಬೇಕು. ನಮ್ಮ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದ ಹೊತ್ತಿಗೆ ಇಲ್ಲಿ ಗಾಳಿ ಅಡ್ಡಡ್ಡ ಬೀಸುತ್ತದೆ. ಲಾರಿಯ ಪಕ್ಕದಲ್ಲಿರುವಷ್ಟು ಹೊತ್ತು ಅದರ ಮರೆಯಲ್ಲಿ ಗಾಳಿ ಗೊತ್ತಾಗುವುದಿಲ್ಲ. ದಾಟಿ ಮುಂದೆ ಬಂದ ಕ್ಷಣ ಒಮ್ಮೆಲೇ ಬಂದು ಬೈಕನ್ನು ಪಕ್ಕಕ್ಕೆ ನೂಕುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹ್ಯಾಂಡಲನ್ನು ಸಡಿಲವಾಗಿ ಹಿಡಿಯಿರಿ. ಲಾರಿಗೆ ತೀರಾ ಹತ್ತಿರ ಹೋಗಬೇಡಿ.

ವಾಣಿವಿಲಾಸ ಸಾಗರದ ಹತ್ತಿರ ಗಾಡಿ ನಿಲ್ಲಿಸಿ, ಸಾವಕಾಶವಾಗಿ ನೋಡಿ. ನಾವೆಲ್ಲ ಮಾರಿಕಣಿವೆ ಎಂದು ಕರೆಯುವುದು ಇದನ್ನೇ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಕಲ್ಲಿನ ಕಟ್ಟೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದೆ. 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ಹಿರಿಯರು ಕಥೆಯ ಹಾಗೆ ಹೇಳುತ್ತಿದ್ದರು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಬರಗಾಲ ಕಂಡ ಈ ಸೀಮೆಯ ಜನ ಬಾಗಿನ ಹಿಡಿದು ಓಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಈಗ ಭದ್ರಾ ನೀರೂ ಸೇರುತ್ತಿರುವುದರಿಂದ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆದರೆ ಅದೇ ನೀರು ಹಿಂದಕ್ಕೆ ಒತ್ತಿ, ಹೊಸದುರ್ಗ ತಾಲ್ಲೂಕಿನ ಎಷ್ಟೋ ರೈತರ ತೋಟಗಳನ್ನೂ ಮುಳುಗಿಸಿತು. ಹಿನ್ನೀರಿನ ಪಕ್ಕ ಫೋಟೋ ತೆಗೆಯುವಾಗ ಇದು ನೆನಪಿರಲಿ. ಮೊಬೈಲಿನ ನಕ್ಷೆ ತೋರಿಸಿದ ಕಾಲುದಾರಿ ನೀರಿನೊಳಗೇ ಹೋಗಿ ಮುಗಿಯಬಹುದು. ಊರಿನವರನ್ನು ಒಂದು ಮಾತು ಕೇಳಿಯೇ ಇಳಿಯಿರಿ. ಈಜು ಬರುತ್ತದೆ ಅಂತ ನೀರಿಗೆ ಬೀಳುವುದು ಬೇಡವೇ ಬೇಡ. ಕೆಳಗೆ ಕೆಸರಿದೆ, ಮುಳುಗಿದ ಮರಗಳಿವೆ.

ಇನ್ನು ಮುಖ್ಯವಾದ ಮಾತು. ಹೆದ್ದಾರಿ ಬಿಟ್ಟ ಮೇಲೆ ನೀವು ಓಡಿಸುತ್ತಿರುವುದು ಊರಿನವರ ಅಂಗಳದಲ್ಲಿ. ಇಲ್ಲಿಯ ಜನ ರಸ್ತೆಯಲ್ಲೇ ಕಾಳು ಒಣಗಿಸುತ್ತಾರೆ, ದನ ಕಟ್ಟುತ್ತಾರೆ, ಅರಳಿಕಟ್ಟೆಯಿಂದ ಮನೆಗೆ ನೋಡದೆಯೇ ದಾಟುತ್ತಾರೆ. ರಸ್ತೆ ಮೇಲೆ ಕಣ ಮಾಡಬಾರದು ಅಂತ ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ಆದರೆ ಕಣಕ್ಕೆ ಬೇರೆ ಜಾಗವಿಲ್ಲದವರು, ಕೂಲಿ ಕೊಟ್ಟು ಬಡಿಸಲಾಗದವರು ಏನು ಮಾಡಬೇಕು? ರಾಗಿ, ಹುರುಳಿ ಕೊಯ್ಲಿನ ಸುಗ್ಗಿಯಲ್ಲಿ ಬಂದರೆ ಇದು ನಿಮಗೆ ಎದುರಾಗಿಯೇ ಆಗುತ್ತದೆ.

ಹುರುಳಿ ಸೊಪ್ಪು ನೋಡಲು ಮೆತ್ತಗೆ, ಬೈಕಿಗೆ ಮಾತ್ರ ಬಲು ಅಪಾಯ. ಒಣಗಿದ ಬಳ್ಳಿ ಹಿಂದಿನ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಚೈನಿಗೆ ಸಿಕ್ಕಿ ಬಿಗಿಯುತ್ತದೆ. ಬಿಸಿ ಸೈಲೆನ್ಸರಿಗೆ ಅಂಟಿದರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಅಡಿಯಲ್ಲಿ ಉದುರಿದ ಕಾಳಿನ ಮೇಲೆ ಮುಂದಿನ ಬ್ರೇಕು ಹಿಡಿದಿರೋ, ಚಕ್ರ ಜಾರಿತು ಅಂತಲೇ ಲೆಕ್ಕ. ದೂರದಿಂದಲೇ ಗೇರು ಇಳಿಸಿ, ಪಕ್ಕದಲ್ಲಿ ಮಣ್ಣಿನ ದಾರಿಯಿದ್ದರೆ ಅದನ್ನು ಹಿಡಿಯಿರಿ. ಇಲ್ಲವಾದರೆ ಹಿಂದೆ ಕೂತವನು ಇಳಿದು ನಡೆಯಲಿ, ನೀವು ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು ದಾಟಿಸಿ. ಆಚೆ ನಿಂತು ಚಕ್ರಕ್ಕೆ ಸುತ್ತಿದ್ದನ್ನು ಬಿಡಿಸಿ. ಮೊರ ಹಿಡಿದು ನಿಂತ ಅಜ್ಜಿಯ ಜೊತೆ ನಾಲ್ಕು ಮಾತಾಡಿ. “ಯಾವೂರ್ರಪ್ಪ?” ಅಂತ ಅವರೇ ಕೇಳುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ.

ಕುರಿಮಂದೆ ಎದುರಾದರೆ ಹಾರ್ನ್ ಮಾಡಬೇಡಿ. ಮರಿಗಳು ಬೆದರಿ ಚದುರುತ್ತವೆ, ಕಾಯುವವನು ದಿನವಿಡೀ ಹುಡುಕಬೇಕಾಗುತ್ತದೆ. ಎಂಜಿನ್ ಆರಿಸಿ ಪಕ್ಕಕ್ಕೆ ನಿಲ್ಲಿ. ಒಂದು ಸಿಳ್ಳೆ, ಎರಡು ಕೂಗಿನಲ್ಲಿ ಅವನೇ ಮಂದೆಯನ್ನು ಬದಿಗೆ ಸರಿಸಿ ನಿಮಗೆ ದಾರಿ ಮಾಡಿಕೊಡುತ್ತಾನೆ. ಹಾಗೆಯೇ ದಾಳಿಂಬೆ ತೋಟ ಕಂಡರೆ ಬೇಲಿಯ ಆಚೆಯಿಂದಲೇ ನೋಡಿ. ದುಂಡಾಣು ಅಂಗಮಾರಿ ಎಂಬ ರೋಗ ಎಷ್ಟೋ ತೋಟಗಳನ್ನು ಹಾಳು ಮಾಡಿದೆ. ಕತ್ತರಿಯಿಂದಲೂ ಮುಟ್ಟಿದ ಕೈಯಿಂದಲೂ ಅದು ಗಿಡದಿಂದ ಗಿಡಕ್ಕೆ ಹರಡುತ್ತದೆ. ರೈತ ಬೇಡ ಅಂದರೆ ಅದು ಜಿಪುಣತನವಲ್ಲ, ಸಾಲ ಮಾಡಿ ಬೆಳೆದವನ ಆತಂಕ. ಎಳನೀರು ಬೇಕಾದರೆ ದುಡ್ಡು ಕೊಟ್ಟು ಕುಡಿಯಿರಿ. ತೆಂಗಿಗೆ ಹೆಸರಾದ ಸೀಮೆ ಇದು, ಹೊಟ್ಟೆ ತುಂಬ ಸಿಗುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಊರು ಸೇರಿರಬೇಕು. ನಮ್ಮ ಗುಡ್ಡಗಳಲ್ಲಿ ಕರಡಿಗಳಿವೆ. ಕತ್ತಲಾದ ಮೇಲೆ ಅವು ರಸ್ತೆ ದಾಟುತ್ತವೆ, ಊರಿನ ಅಂಚಿಗೂ ಬರುತ್ತವೆ. ಅದಕ್ಕಿಂತ ಹೆಚ್ಚಿನ ಭಯ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳದ್ದು, ಬಣ್ಣ ಬಳಿಯದ ಹಂಪುಗಳದ್ದು. ಮರುದಿನ ಸಾಣೇಹಳ್ಳಿಗೆ ಹೋಗಿ. ಪುಟ್ಟ ಹಳ್ಳಿಯೊಂದು ನಾಟಕದಿಂದ ನಾಡಿಗೆಲ್ಲ ಹೆಸರಾದದ್ದನ್ನು ಅಲ್ಲಿ ನೋಡಬಹುದು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಶ್ರಯದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ರಂಗತಂಡ ಊರೂರು ತಿರುಗಿ ನಾಟಕ ಆಡುತ್ತಿದೆ. ನವೆಂಬರ್ ಮೊದಲ ವಾರ ಬಂದರೆ ನಾಟಕೋತ್ಸವವೂ ಸಿಕ್ಕೀತು. ಸಮಯವಿದ್ದರೆ ಹೊಳಲ್ಕೆರೆಯ ಬಯಲು ಗಣಪನನ್ನು ನೋಡಿ, ಚಿತ್ರದುರ್ಗದ ಮೇಲೆ ವಾಪಸಾಗಿ. ಎಲ್ಲವನ್ನೂ ಎರಡೇ ದಿನದಲ್ಲಿ ಮುಗಿಸುವ ಹಟ ಬೇಡ. ಚಿತ್ರದುರ್ಗದ ಕೋಟೆಯನ್ನು ಇನ್ನೊಮ್ಮೆ ನೋಡಿದರಾಯಿತು.

ಗೆಳೆಯನ ವಿಷಯ ಕೊನೆಗೆ ಹೇಳೋಣ ಅಂತ ಉಳಿಸಿಕೊಂಡಿದ್ದೆ. ಓಡಿಸುವವನಿಗೆ ರಸ್ತೆ ಕಾಣುತ್ತದೆ, ಹಿಂದೆ ಕೂತವನಿಗೆ ಕಾಣುವುದು ನಿಮ್ಮ ಬೆನ್ನು. ಹಂಪು ಬರುವುದು ಅವನಿಗೆ ಗೊತ್ತಾಗುವುದಿಲ್ಲ, ಬ್ರೇಕು ಹಾಕುವುದೂ ಗೊತ್ತಾಗುವುದಿಲ್ಲ. ಅವನ ಸೊಂಟ ನೋಯುತ್ತಿದ್ದರೂ ಸ್ನೇಹದ ದಾಕ್ಷಿಣ್ಯಕ್ಕೆ ಸುಮ್ಮನಿರುತ್ತಾನೆ. ಗಂಟೆಗೊಮ್ಮೆಯಾದರೂ ನೀವೇ ನಿಲ್ಲಿಸಿ, ಇಳಿಸಿ, ನೀರು ಕೊಡಿ. ಅವನಿಗೂ ಲೈಸೆನ್ಸ್ ಇದ್ದರೆ ಅರ್ಧ ದಾರಿ ಅವನೇ ಓಡಿಸಲಿ. ಅವನಿಗೂ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ ಇರಲಿ, ಪಟ್ಟಿ ಬಿಗಿದಿರಲಿ. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಿಂದಲೇ ಜಾರಿ ಮಾಡಿದ್ದಾರೆ. ಪೊಲೀಸರು ಹಿಡಿಯಲಿ ಬಿಡಲಿ, ತಲೆ ಇಬ್ಬರದೂ ಒಂದೇ. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಚೈನಿನ ಬಿಗಿಯನ್ನೂ ನೋಡಿಸಿ. ಒಂದು ಕ್ಲಚ್ ಕೇಬಲ್, ಪಂಕ್ಚರ್ ಕಿಟ್ ಚೀಲದಲ್ಲಿರಲಿ. ಗಾಡಿ ಕೆಟ್ಟರೆ ಗೆಳೆಯನನ್ನು ರೈಲಿಗೆ ಹತ್ತಿಸೋಣ ಅಂದುಕೊಂಡವರಿಗೆ ಒಂದು ಮಾತು: ಹೊಸದುರ್ಗ ರೋಡ್ ನಿಲ್ದಾಣ ಪೇಟೆಯಿಂದ ಬಹಳ ದೂರ ಇದೆ. ದಾರಿಯಲ್ಲಿ ಯಾರಾದರೂ ಬಿದ್ದಿದ್ದು ಕಂಡರೆ ಹೆದರದೆ ನಿಂತು 108ಕ್ಕೆ ಕರೆ ಮಾಡಿ. ಸಹಾಯ ಮಾಡಿದವರನ್ನು ಕೇಸಿಗೆ ಎಳೆಯದಂತೆ 2019ರ ಕಾನೂನು ತಿದ್ದುಪಡಿ ರಕ್ಷಣೆ ಕೊಟ್ಟಿದೆ.

ಭಾನುವಾರ ಮುದ್ದೆ ಊಟ ಮಾಡಿದ ಕೂಡಲೇ ಗಾಡಿ ಹತ್ತಬೇಡಿ, ಕಣ್ಣು ಎಳೆಯುತ್ತದೆ. ಅರ್ಧ ಗಂಟೆ ತೋಟದ ನೆರಳಲ್ಲಿ ಕೂತು ಹೊರಡಿ. ಹೊರಡುವುದು ತೀರಾ ತಡವಾಗಿ, ಮೈ ದಣಿದಿದ್ದರೆ ಇನ್ನೊಂದು ರಾತ್ರಿ ಉಳಿದುಬಿಡಿ. ಸೋಮವಾರದ ಒಂದು ರಜೆ ಹೋದರೆ ಹೋಗಲಿ. ಗೆಳೆಯನ ಅಪ್ಪ ಅಮ್ಮ ನಿಮ್ಮನ್ನು ನಂಬಿ ಮಗನನ್ನು ಕಳಿಸಿದ್ದಾರೆ. ಅವನನ್ನು ಅವನ ಮನೆ ಬಾಗಿಲಲ್ಲಿ ಇಳಿಸಿದ ಮೇಲೆಯೇ ನಿಮ್ಮ ಪ್ರವಾಸ ಮುಗಿಯುವುದು. ಹುಷಾರಾಗಿ ಹೋಗಿ ಬನ್ನಿ, ಮತ್ತೆ ಮತ್ತೆ ಬನ್ನಿ.