ಬೀಳುವ ಹಲ್ಲು, ಬರುವ ಹಲ್ಲು

ಹೇಗೂ ಉದುರಿಹೋಗತಕ್ಕ ಹಲ್ಲಿಗೆ ಇಷ್ಟು ಉಪಚಾರವೇಕೆಂದು ನಮ್ಮ ಮನೆಗಳ ಹಿರಿಯರು ಕೇಳುವುದುಂಟು. ಮಕ್ಕಳನ್ನೂ ಅನಂತರ ಮೊಮ್ಮಕ್ಕಳನ್ನೂ ಸಾಕಿದ ನನಗೆ ಮನವರಿಕೆಯಾಗಿರುವುದಾದರೋ ಇದು: ಆರನೆಯ ತಿಂಗಳ ಸುಮಾರಿಗೆ ಮೊಳೆತು ಮೂರನೆಯ ವರ್ಷದ ಹೊತ್ತಿಗೆ 20 ಆಗಿ ನಿಲ್ಲುವ ಹಾಲುಹಲ್ಲುಗಳು ಅಗಿಯುವುದಕ್ಕೂ ಸ್ಪಷ್ಟೋಚ್ಚಾರಣೆಗೂ ನೆರವಾಗುವುದಲ್ಲದೆ, ಮುಂದೆ ಬರತಕ್ಕ ಶಾಶ್ವತದಂತಗಳಿಗೆ ಸ್ಥಳವನ್ನು ಕಾದಿರಿಸುತ್ತವೆ. ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದ ಹಾಲುದವಡೆಹಲ್ಲು ಹುಳುಕು ಹಿಡಿದು ಐದಾರನೆಯ ವಯಸ್ಸಿಗೇ ಹೋಯಿತೆಂದರೆ, ಪಕ್ಕದ್ದು ಆ ತೆರವಿಗೆ ವಾಲಿ, ಹೊಸದಕ್ಕೆ ಎಡೆಯಿಲ್ಲದಂತಾಗುತ್ತದೆ.

ಮೊದಲ ಹಲ್ಲು ಕಂಡ ಮೇಲೆ, ವರ್ಷ ತುಂಬುವುದರೊಳಗಾಗಿ ಮಗುವನ್ನು ಒಮ್ಮೆ ತೋರಿಸಿಬಿಡಿರೆಂಬುದು ಇಂದಿನ ಶಿಶುದಂತವೈದ್ಯರ ಸಲಹೆ. ನೋವಿನಿಂದ ಚೀರುತ್ತಿರುವಾಗಲೇ ಪ್ರಥಮ ಪರಿಚಯವಾದ ವೈದ್ಯನು ಮಗುವಿನ ಮನಸ್ಸಿನಲ್ಲಿ ನೋವಿನೊಡನೆಯೇ ಉಳಿಯುವನಾದ್ದರಿಂದ, ಈ ಸಲಹೆ ನನಗೆ ಅತ್ಯಂತ ವಿವೇಕದ್ದಾಗಿ ತೋರುತ್ತದೆ. ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆಂಬ ಬೆದರಿಕೆ ಮನೆಯಿಂದ ಸಂಪೂರ್ಣವಾಗಿ ತೊಲಗಬೇಕು. ‘ಸ್ವಲ್ಪವೂ ನೋಯುವುದಿಲ್ಲ ಕಂದಾ’ ಎಂಬ ಭರವಸೆಯೂ ಬೇಡ, ಏಕೆಂದರೆ ಅಲ್ಲಿಯವರೆಗೆ ನೋವನ್ನು ನೆನೆಯದಿದ್ದ ಮಗುವಿಗೆ ಅದನ್ನು ನೆನಪಿಸುವುದೇ ಆ ಮಾತು.

ಮೊಮ್ಮಗಳನ್ನು ಕರೆದೊಯ್ದಾಗ ಮೈಸೂರಿನ ವೈದ್ಯೆಯೊಬ್ಬರು ಬಾಯಿ ತೆರೆಯೆಂದು ಹೇಳುವುದಕ್ಕೆ ಮುಂಚೆ ಪುಟ್ಟ ಕನ್ನಡಿಯನ್ನು ಅವಳ ಕೈಗೇ ಕೊಟ್ಟು, ಕುರ್ಚಿಯನ್ನು ಏರಿಸಿ ಇಳಿಸಿ ತೋರಿಸಿ, ತಿರುಗುವ ಬುರುಸನ್ನು ಮೊದಲು ಅವಳ ಹೆಬ್ಬೆರಳಿನ ಉಗುರಿನ ಮೇಲೆ ಆಡಿಸಿದರು. “ಅಜ್ಜೀ, ಉಗುರಿಗೆ ಕಚಗುಳಿ ಆಗತ್ತೆ!” ಎಂದು ನಕ್ಕ ಆ ಮಗು ಮರುಕ್ಷಣವೇ ತಾನಾಗಿ ಬಾಯಿ ತೆರೆಯಿತು. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಅನಂತರವೇ ಮಾಡುವುದು ಎಂಬ ಈ ಕ್ರಮವನ್ನು ಮನೆಯಲ್ಲಿ ಉಗುರು ಕತ್ತರಿಸುವಾಗಲೂ ನಾನು ಅನುಸರಿಸುತ್ತ ಬಂದಿದ್ದೇನೆ.

ಆರನೆಯ ವರ್ಷದ ಆಸುಪಾಸಿನಲ್ಲಿ ಕೆಳಗಿನ ಮುಂಬಲ್ಲು ಅಲುಗತೊಡಗುತ್ತದೆ. ಒಳಗಿನಿಂದ ಮೇಲೇರಿ ಬರುವ ಹಲ್ಲು ಹಾಲುಹಲ್ಲಿನ ಬೇರನ್ನು ಕ್ರಮೇಣ ಕರಗಿಸುವುದರಿಂದ ಅದು ಕಳಚಿಕೊಳ್ಳುತ್ತದೆ. ಬೇರು ಪೂರ್ತಿ ಕರಗದಿದ್ದರೆ ಹೊಸದು ಹಿಂದುಗಡೆ ಮೂಡಿ ಎರಡು ಸಾಲಾಗುವುದೂ ಉಂಟು. ಮೊಮ್ಮಗನಿಗೆ ಹೀಗಾದಾಗ ನನ್ನ ಸೊಸೆ ಬಹಳ ಕಂಗೆಟ್ಟಳು. ದಿನವೂ ನಾಲಗೆಯಿಂದ ಅಲುಗಿಸಲಿ, ಸಡಿಲವಾಗದಿದ್ದರೆ ಮಾತ್ರ ಕೀಳೋಣವೆಂದು ವೈದ್ಯೆ ಹೇಳಿದರು. ಹಳೆಯದು ತಾನೇ ಬಿದ್ದ ಮೇಲೆ ನಾಲಗೆಯ ಒತ್ತಡದಿಂದ ಹೊಸದು ಮುಂದಕ್ಕೆ ಸರಿದು ನಿಂತಿತು. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲಕ್ಕೆ ಎಸೆಯುವ ಪದ್ಧತಿಯನ್ನು ನಾನು ಬಿಟ್ಟಿಲ್ಲ. ರಕ್ತದ ಹನಿಯನ್ನು ಕಂಡು ತುಟಿ ನಡುಗಿಸುತ್ತಿದ್ದ ಹುಡುಗನು ಎಸೆಯುವ ಸಂಭ್ರಮದಲ್ಲಿ ಅದನ್ನು ಮರೆತೇಬಿಟ್ಟನು. ಹೊಸ ಹಲ್ಲು ತುಸು ಹಳದಿಯಾಗಿ, ಅಂಚು ಗರಗಸದಂತಿರುವುದು ಸ್ವಾಭಾವಿಕ. ಮೇಲಿನ ಮುಂಬಲ್ಲುಗಳ ನಡುವಣ ಸಂದು ಬಹುಮಟ್ಟಿಗೆ ಹನ್ನೊಂದು ಹನ್ನೆರಡನೆಯ ವರ್ಷದಲ್ಲಿ ಕೋರೆಹಲ್ಲು ಬರುವಾಗ ಕೂಡಿಕೊಳ್ಳುತ್ತದೆ.

ಆದರೆ ತಾಯಿತಂದೆಯರ ಕಣ್ಣಿಗೆ ಬೀಳದೆ ಬರುವ ಹಲ್ಲೊಂದಿದೆ. ಅದೇ ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆ, ಹಾಲುದವಡೆಹಲ್ಲುಗಳ ಹಿಂದೆ ಮೇಲೆ ಎರಡು, ಕೆಳಗೆ ಎರಡು ದವಡೆಹಲ್ಲುಗಳು ಹುಟ್ಟುತ್ತವೆ; ಇವನ್ನು ಹಾಲುಹಲ್ಲೆಂದೇ ಬಗೆದು ಅಲಕ್ಷಿಸುವವರೇ ಹೆಚ್ಚು. ಇವು ಒಮ್ಮೆ ಹೋದರೆ ಮತ್ತೆ ಬರತಕ್ಕವಲ್ಲ. ಇವುಗಳ ಮೇಲ್ಮೈಯ ಆಳವಾದ ಗೀರುಗಳಲ್ಲಿ ಬಿಸ್ಕತ್ತಿನ ಹಿಟ್ಟು ಅಂಟಿಕೊಂಡರೆ ಎಳೆಯ ಕೈಗೆ ತೆಗೆಯಲಾಗದು. ಆದಕಾರಣ ಎಂಟನೆಯ ವರ್ಷದವರೆಗೂ ರಾತ್ರಿ ಬಟಾಣಿಗಾತ್ರದ ಪೇಸ್ಟು ಹಾಕಿ ನಾನೇ ಉಜ್ಜುತ್ತಿದ್ದೆ. ಆ ಗೀರುಗಳಿಗೆ ತೆಳುವಾದ ಲೇಪವನ್ನು ಹಚ್ಚಿ ಮುಚ್ಚುವ ಕೆಲಸವನ್ನು ವೈದ್ಯೆ, ಹಲ್ಲು ಪೂರ್ತಿ ಮೇಲೆದ್ದ ಬಳಿಕ, ಒಂದೇ ಭೇಟಿಯಲ್ಲಿ ಸೂಜಿಯಿಲ್ಲದೆ ಮುಗಿಸಿಕೊಟ್ಟರು.