ಉಸಿರು ತೊಳೆಯುವ ಸುಣ್ಣ

ಅಜ್ಜಿಯ ಎಲೆಅಡಿಕೆ ಡಬ್ಬಿಯ ಸುಣ್ಣವನ್ನು ನೀರಿಗೆ ಕಲಸಿ, ತಿಳಿ ಬಸಿದು, ಮೇಷ್ಟ್ರ ಎದುರಿಗೇ ಕೊಳವೆಯಿಂದ ಊದಿ ನೋಡಿ (ಹೀರಬೇಡಿ, ಬಾಯಿ ಸುಡುತ್ತೆ!). ತಿಳಿನೀರು ಹಾಲಿನಂತಾಗುತ್ತೆ. ಯಾಕೆ? ನಾವು ಬಿಡುವ ಉಸಿರಿನಲ್ಲಿ ಸುಮಾರು 4% ಇಂಗಾಲದ ಡೈಆಕ್ಸೈಡ್ ಇದೆ. ಸುಣ್ಣ ಅದನ್ನು ಹಿಡಿದುಕೊಳ್ಳುತ್ತದೆ.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದೇ ಗುಣ ಜೀವ ಕಾಯುತ್ತದೆ. ಆಪರೇಷನ್ ವೇಳೆ ಅರಿವಳಿಕೆ ಯಂತ್ರದಲ್ಲಿ ರೋಗಿಯ ಉಸಿರು ಸುತ್ತು ಹಾಕಿ ಮತ್ತೆ ರೋಗಿಗೇ ಬರುತ್ತದೆ. ದಾರಿಯಲ್ಲಿ ಸೋಡಾ ಲೈಮ್ ಹರಳಿನ ಡಬ್ಬಿ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸುಣ್ಣ, ಸ್ವಲ್ಪ ಕಾಸ್ಟಿಕ್ ಸೋಡಾ, ನೀರಿನ ತೇವ. ಕೆಲಸ ಮಾಡುವಾಗ ಬಿಸಿಯಾಗುತ್ತೆ. ಶಕ್ತಿ ಮುಗಿದರೆ ಬಿಳಿ ಹರಳು ಸಾಮಾನ್ಯವಾಗಿ ನೇರಳೆ ಬಣ್ಣಕ್ಕೆ ತಿರುಗುತ್ತೆ, ಆಗ ಬದಲಿಸಬೇಕು. ಆಮ್ಲಜನಕವನ್ನು ಬೇರೆಯಾಗಿ ಸೇರಿಸುತ್ತಾರೆ.

ಬಾಹ್ಯಾಕಾಶದಲ್ಲಿ ಹಗುರವಾದ ಲಿಥಿಯಂ ಹೈಡ್ರಾಕ್ಸೈಡ್ ಬಳಸಿದರು. 1970ರಲ್ಲಿ ಅಪೊಲೊ 13ರ ಚೌಕ ಡಬ್ಬಿ ದುಂಡು ಜಾಗಕ್ಕೆ ಕೂರಲಿಲ್ಲ. ರಟ್ಟು, ಪ್ಲಾಸ್ಟಿಕ್ ಚೀಲ, ಟೇಪಿನಿಂದ ಜೋಡಿಸಿ ಮೂವರೂ ಬದುಕಿ ಬಂದರು.

ಹೊರಮಾವಿನ ಗೆಳೆಯರೇ, ಹಳೇ ಬಾವಿಯ ತಳದಲ್ಲೂ ಈ ಅನಿಲ ನಿಂತಿರಬಹುದು. ಅಲ್ಲಿ ಉಸಿರು ತೊಳೆಯುವ ಡಬ್ಬಿ ಇಲ್ಲ! ಬಿದ್ದವರನ್ನು ಎತ್ತಲೆಂದೂ ಇಳಿಯಬೇಡಿ. ದೊಡ್ಡವರನ್ನು ಕೂಗಿ, 101ಕ್ಕೆ ಫೋನ್ ಮಾಡಿ.