ಮೊದಲ ಕ್ಷೌರದ ಕತ್ತಿ: ಕೊಳ್ಳುವ ಮುನ್ನ ನೋಡಬೇಕಾದುದು



ಕುಡುಗೋಲು ಕೊಳ್ಳುವಾಗ ನೀವು ಯಾರ ಸಲಹೆಯನ್ನೂ ಕೇಳುವುದಿಲ್ಲ. ಕೈಗೆತ್ತಿಕೊಂಡು ತೂಕ ನೋಡುತ್ತೀರಿ, ಉಗುರಿನಿಂದ ತಟ್ಟಿ ನಾದ ಕೇಳುತ್ತೀರಿ, ಹಿಡಿ ಅಲುಗಾಡುವುದೇ ಎಂದು ಪರೀಕ್ಷಿಸುತ್ತೀರಿ. ಕ್ಷೌರದ ಕತ್ತಿಯ ವಿಷಯದಲ್ಲಿ ಮಾತ್ರ ಹೊಳಪಿಗೆ ಮರುಳಾಗಿ ಹಣ ಕಳೆದುಕೊಳ್ಳುವವರು ಬಹಳ ಮಂದಿ. ಅರೆಕೆರೆಯಂತಹ ಊರು ಈಗ ಬೆಂಗಳೂರಿನೊಳಗೇ ಸೇರಿಹೋಗಿದೆ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಅಂಗಡಿಗಳಿಗೆ ಕೊರತೆಯಿಲ್ಲ. ಸಾಮಾನು ಹೆಚ್ಚಾದಷ್ಟೂ ಆರಿಸುವವನಿಗೆ ತಿಳಿವಳಿಕೆ ಹೆಚ್ಚು ಬೇಕು.

ಕತ್ತಿಗಳಲ್ಲಿ ಎರಡು ಜಾತಿ. ಒಂದು, ಅಲಗನ್ನು ಮಸೆದು ಮಸೆದು ಬಳಸುವ ಹಳೆಯ ಬಗೆಯ ಮಡಿಚುವ ಕತ್ತಿ. ಇನ್ನೊಂದು, ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಕತ್ತಿ. ಈಗ ಕ್ಷೌರದಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಎರಡನೆಯದು ಅಗ್ಗ, ಮಸೆಯುವ ಗೋಜಿಲ್ಲ. ಆದರೆ ಅದು ಕಲಿಯುವವನಿಗೆ ಸುಲಭವೆಂದು ತಿಳಿಯಬೇಡಿರಿ. ಹಗುರವಾದ ಕತ್ತಿ, ಹರಿತವಾದ ಹೊಸ ಬ್ಲೇಡು: ಕೈ ತಪ್ಪಿದರೆ ಬೇಗ ಕಚ್ಚುತ್ತದೆ. ಮಸೆಯುವ ಕತ್ತಿಗೆ ತನ್ನದೇ ಭಾರವಿರುವುದರಿಂದ ಒತ್ತದೆಯೇ ಕೆಲಸ ಮಾಡುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆಯಲ್ಲಿ ಅಣ್ಣ, ತಮ್ಮ, ಮಗ ಎಲ್ಲರೂ ಒಂದೇ ಕತ್ತಿ ಬಳಸುವ ರೂಢಿಯಿದ್ದರೆ ಮಸೆಯುವ ಕತ್ತಿ ಬೇಡವೇ ಬೇಡ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು, ರೋಗ ಹರಡುತ್ತದೆ. ಕಾಮಾಲೆ ತರುವ ಹೆಪಟೈಟಿಸ್-ಬಿ ವೈರಸ್ಸು ಮೈಯಿಂದ ಹೊರಗೆ 7 ದಿನವಾದರೂ ಬದುಕಿರಬಲ್ಲುದು. ನೀರಿನಲ್ಲಿ ಅದ್ದಿ ಒರೆಸಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಅಂತಹ ಮನೆಗೆ ಬ್ಲೇಡು ಸಿಕ್ಕಿಸುವ ಕತ್ತಿ, ಅದೂ ಒಬ್ಬೊಬ್ಬರಿಗೆ ಒಂದೊಂದು. ಕೈ ನಡುಗುವವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಇವೆರಡನ್ನೂ ಬಿಟ್ಟು ಸಾಧಾರಣ ಸೇಫ್ಟಿ ರೇಜರ್ ಬಳಸುವುದು ಲೇಸು.

ಇನ್ನು ಮಸೆಯುವ ಕತ್ತಿಯ ಲಕ್ಷಣ. ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. ಮೊದಲ ಕತ್ತಿಗೆ 5/8 ಅಂಗುಲ, ಅಂದರೆ ಸುಮಾರು 16 ಮಿಲಿಮೀಟರ್, ಹದವಾದ ಅಗಲ. ಇದಕ್ಕಿಂತ ಅಗಲವಾದುದು ಮೂಗಿನ ಕೆಳಗೆ ತೊಡಕು ಮಾಡುತ್ತದೆ. ಮೊನೆ ಚೌಕವಾಗಿರದೆ ದುಂಡಗಿರಬೇಕು. ಕಲಿಯುವವನ ಕಿವಿಗೆ, ಕೆನ್ನೆಗೆ ಗಾಯವಾಗುವುದು ಬಹುಮಟ್ಟಿಗೆ ಚೌಕ ಮೊನೆಯಿಂದಲೇ. ಅಲಗಿನ ಎರಡು ಬದಿಯೂ ದೋಣಿಯಂತೆ ತೋಡಿರುವ ಕತ್ತಿ ಮಸೆಯಲು ಸುಲಭ. ತೀರ ತೆಳುವಾಗಿ ತೋಡಿದುದು ಒರಟು ಗಡ್ಡಕ್ಕೆ ಬಳುಕುತ್ತದೆ. ಮಧ್ಯಮವಾಗಿ ತೋಡಿದುದನ್ನು ಕೇಳಿರಿ.

ಉಕ್ಕಿನ ಮಾತು ಬಂದಾಗ ನಾವು ಸ್ವಲ್ಪ ಹೆಮ್ಮೆಪಡಬಹುದು. ಹಿಂದೆ ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಅಂತಹ ಉಕ್ಕಿಗೆ ಯೂರೋಪಿನವರು ಕೊಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಹುಟ್ಟಿತೆಂಬುದು ಅನೇಕ ವಿದ್ವಾಂಸರ ಮತ. ಲಂಡನ್ನಿನಲ್ಲಿ ಕತ್ತಿ ಕತ್ತರಿ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಇದನ್ನು ಬಹಳ ಮೆಚ್ಚಿದ್ದ. ವಿಜ್ಞಾನಿ ಮೈಕೇಲ್ ಫ್ಯಾರಡೆ ಅವನೊಡನೆ ಸೇರಿ ಉಕ್ಕಿನ ಮೇಲೆ ಪ್ರಯೋಗ ಮಾಡಿ 1820ರಲ್ಲಿ ಪ್ರಕಟಿಸಿದ. ತಾನು ಮಾಡಿದ ಉಕ್ಕಿನ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದನಂತೆ.

ಈಗ ಒಳ್ಳೆಯ ಕತ್ತಿಗೆ ಹೆಸರಾದುದು ಜರ್ಮನಿಯ ಸೋಲಿಂಗೆನ್ ಪಟ್ಟಣ. ಹೆಸರು ಕೆತ್ತಿದ್ದೆಲ್ಲವೂ ಅಲ್ಲಿಂದಲೇ ಬಂದದ್ದಲ್ಲ, ನೆನಪಿರಲಿ. ಇಂಗಾಲ ಹೆಚ್ಚಿರುವ ಉಕ್ಕು ಬೇಗ ಮಸೆಗೆ ಬರುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕು ಮಸೆಯುವವನ ತಾಳ್ಮೆ ಪರೀಕ್ಷಿಸುತ್ತದೆ. ಒರೆಸಿಡುವ ಶಿಸ್ತು ಇದ್ದವರಿಗೆ ಮೊದಲನೆಯದೇ ಸರಿ. ಕನ್ನಡಿಯಂತೆ ಹೊಳೆಯುವ, ಚಿತ್ತಾರದ ಹಿಡಿಯ, ತೀರ ಅಗ್ಗದ ಕತ್ತಿ ಮೇಜಿನ ಮೇಲಿಡಲು ಚೆಂದ, ಅಷ್ಟೆ; ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ತಾತನ ಕಾಲದ ಕತ್ತಿ ಮನೆಯಲ್ಲಿದ್ದರೆ ಎಸೆಯಬೇಡಿರಿ, ಹೊಸದಕ್ಕಿಂತ ಮೇಲಾಗಿರಲೂಬಹುದು. ಬೆಳಕಿಗೆ ಹಿಡಿದು ನೋಡಿರಿ. ಅಲಗಿನ ಮೇಲಿನ ಕಪ್ಪು ಕಲೆ ಚಿಂತೆಯಿಲ್ಲ. ಬಾಯಂಚಿನಲ್ಲಿ ತುಕ್ಕು ಗುಳಿ ಕೊರೆದಿದ್ದರೆ, ಕೂದಲೆಳೆಯಷ್ಟು ಬಿರುಕಿದ್ದರೂ ಸರಿ, ಅದು ಕೆಲಸಕ್ಕೆ ಬಾರದು. ಮಡಿಚಿದಾಗ ಅಲಗು ಹಿಡಿಯ ನಟ್ಟನಡುವೆ ಬಂದು ಕೂರಬೇಕು, ಬದಿಗೆ ತಗುಲಬಾರದು. ಹೆಬ್ಬೆರಳಿನಿಂದ ಹರಿತ ನೋಡುವ ಅಭ್ಯಾಸ ಕುಡುಗೋಲಿಗೇ ಇರಲಿ. ಮುಂಗೈ ಚರ್ಮಕ್ಕೆ ತಾಗದಂತೆ ಮೇಲಿನಿಂದ ಆಡಿಸಿದಾಗ ಕೂದಲು ತಾನಾಗಿ ಬಿದ್ದರೆ ಕತ್ತಿ ಸಿದ್ಧವಾಗಿದೆ. ಹೊಸ ಕತ್ತಿಗಳಲ್ಲಿ ಅನೇಕವು ಇಷ್ಟು ಹರಿತವಾಗಿ ಬರುವುದಿಲ್ಲ, ‘ಮಸೆದು ಕೊಡುತ್ತೀರಾ?’ ಎಂದು ಹಣ ಕೊಡುವ ಮೊದಲೇ ಕೇಳತಕ್ಕದ್ದು.

ಕತ್ತಿಯ ಜೊತೆಗೆ ತೊಗಲಿನ ಪಟ್ಟಿಗೂ ಹಣ ತೆಗೆದಿಡಿರಿ. ಪ್ರತಿ ಕ್ಷೌರಕ್ಕೆ ಮುಂಚೆ 40-50 ಸಲ ಪಟ್ಟಿಯ ಮೇಲೆ ಆಡಿಸಬೇಕು. ಯಾವಾಗಲೂ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಕಲ್ಲಿನ ಮೇಲೆ ಮಸೆಯುವಾಗ ಇದಕ್ಕೆ ವಿರುದ್ಧ, ಬಾಯಿ ಮುಂದೆ. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ಮಲಗಿರಬೇಕು; ಓರೆಯನ್ನು ಬೆನ್ನೇ ತಾನಾಗಿ ಕೊಡುತ್ತದೆ. ಆ ಕಲ್ಲು ಬಲು ನಯವಾದುದು. ಕುಡುಗೋಲಿನ ಕಲ್ಲಿಗೆ ಹಚ್ಚಿದರೆ ಕತ್ತಿ ಕೆಟ್ಟಿತೆಂದೇ ತಿಳಿಯಿರಿ. ಸಾಣೆ ಚಕ್ರಕ್ಕಂತೂ ಕೊಡಲೇಬಾರದು. ಕಾವೇರಿ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತು, ಮತ್ತೆ ಬಾರದು. ಮಸೆಯುವುದನ್ನು ನಿಮ್ಮೂರಿನ ಹಿರಿಯ ಕ್ಷೌರಿಕರಿಂದ ಕಲಿಯುವುದು ಮೇಲು. ಹಿಂದೆ ಹಳ್ಳಿಯ ಆಯಗಾರರಲ್ಲಿ ಅವರೂ ಒಬ್ಬರಾಗಿ, ಸುಗ್ಗಿಯಲ್ಲಿ ಕಣದ ಧಾನ್ಯ ಪಡೆದು ವರ್ಷವೆಲ್ಲ ದುಡಿದವರು. ಆ ವಿದ್ಯೆಗೆ ತಕ್ಕ ಕೂಲಿ ಕೊಟ್ಟೇ ಕಲಿಯಿರಿ.

ಇಲ್ಲಿ ಒಂದು ಮಾತು. ಜಾತಿಯ ಕಾರಣದಿಂದ ಅಂಗಡಿಯಲ್ಲಿ ಕೂರಿಸುವುದಿಲ್ಲವೆಂದು ಯಾರಾದರೂ ಸ್ವಂತ ಕತ್ತಿ ಹುಡುಕುವಂತಾದರೆ ಅದು ಕತ್ತಿಯಿಂದ ತೀರುವ ವಿಷಯವಲ್ಲ. ಹಾಗೆ ನಿರಾಕರಿಸುವುದು 1955ರ ಕಾಯಿದೆಯ ಪ್ರಕಾರ ಅಪರಾಧ. ಪೊಲೀಸ್ ಠಾಣೆಯಲ್ಲಿ ದೂರು ಕೊಡತಕ್ಕದ್ದು.

ಮೊದಲ ವಾರ ಕೆನ್ನೆಗಳನ್ನಷ್ಟೇ ಮಾಡಿಕೊಳ್ಳಿರಿ, ಗದ್ದ ಆಮೇಲೆ. ಬಿಸಿನೀರು, ಧಾರಾಳ ನೊರೆ, ಎಳೆದು ಹಿಡಿದ ಚರ್ಮ, ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ, ಕೂದಲು ಮಲಗಿದ ದಿಕ್ಕಿಗೇ ಕತ್ತಿ. ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿ, ಮಕ್ಕಳ ಕೈಗೆಟುಕದೆಡೆ ಇಡಿರಿ. ಬಚ್ಚಲಿನ ಗೂಡು ಬೇಡ, ತೇವವಿರುತ್ತದೆ.

ಬ್ಲೇಡಿನ ಕತ್ತಿ ಬಳಸುವವರು ಹಳೆಯ ಬ್ಲೇಡನ್ನು ತಿಪ್ಪೆಗೆ ಎಸೆಯಬಾರದು. ಗೊಬ್ಬರ ಹರಡುವವರ ಕಾಲಿಗೆ ಅದು ಚುಚ್ಚುತ್ತದೆ. ಮೇವಿನೊಡನೆ ಹಸುವಿನ ಹೊಟ್ಟೆ ಸೇರಿದರೆ ಹಸುವಿನ ಪ್ರಾಣಕ್ಕೇ ಬರಬಹುದು. ತಗಡಿನ ಡಬ್ಬಿಯ ಮುಚ್ಚಳದಲ್ಲಿ ಒಂದು ಸೀಳು ಮಾಡಿ ಅದರೊಳಗೆ ಹಾಕುತ್ತ ಬನ್ನಿರಿ. ತುಂಬಿದ ಮೇಲೆ ಸೀಳನ್ನು ಬಡಿದು ಮುಚ್ಚಿ, ಒಳಗೆ ಬ್ಲೇಡುಗಳಿವೆಯೆಂದು ತಿಳಿಸಿ ಕಸ ಒಯ್ಯುವವರ ಕೈಗೆ ಕೊಡಿರಿ.